ಡಿಸ್ಕ್ ಜಾರಿದೆ ಅಂತ ರಿಪೋರ್ಟ್ ಇದೆ, ನೋವು ಕಡಿಮೆ ಆಗಿದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಲಾ?

ಬಾಗದಬೆನ್ನು · ಭಾನುವಾರ, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ವಯಸ್ಸು 41. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲೇ ಕೆಲಸ. ಐದು ವಾರದ ಹಿಂದೆ ನೀರಿನ ಬಕೆಟ್ ಎತ್ತಲು ಬಗ್ಗಿದೆ, ಸೊಂಟ ಹಿಡಿದುಕೊಂಡಿತು. ಎರಡು ದಿನದಲ್ಲಿ ಸೊಂಟದ ನೋವು ಸುಮಾರಾಗಿ ಹೋಗಿ ಎಡಗಾಲಿಗೆ ಇಳಿಯಿತು. ಪಿರ್ರೆಯಿಂದ ಶುರುವಾಗಿ ತೊಡೆಯ ಹೊರಗಡೆ, ಮೊಣಕಾಲಿನ ಕೆಳಗೆ, ಪಾದದ ಮೇಲಿನವರೆಗೆ ಕರೆಂಟ್ ಹೊಡೆದ ಹಾಗೆ. ಕೆಮ್ಮಲು ಹೆದರಿಕೆ, ಸೀನಲು ಹೆದರಿಕೆ. ಮೂರು ವಾರ ನೆಟ್ಟಗೆ ಮಲಗಿಲ್ಲ.

ಎಂಆರ್‌ಐ ರಿಪೋರ್ಟ್ ಹೀಗಿದೆ: ಎಲ್4-ಎಲ್5 ಮಟ್ಟದಲ್ಲಿ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವೆ) ಎಡಗಡೆಗೆ ಡಿಸ್ಕ್ ಎಕ್ಸ್‌ಟ್ರೂಷನ್, ಅಂದರೆ ಒಳಗಿನ ತಿರುಳು ಹೊರಗೆ ಬಂದಿದೆ, ಎಲ್5 ನರದ ಬೇರಿನ ಮೇಲೆ ಒತ್ತಡ. ಅದರ ಮೇಲಿನ ಎಲ್3-ಎಲ್4 ಮತ್ತು ಕೆಳಗಿನ ಎಲ್5-ಎಸ್1ನಲ್ಲಿ ಬಲ್ಜ್, ಅಂದರೆ ಡಿಸ್ಕ್ ಬರೀ ಉಬ್ಬಿದೆ. ಜೊತೆಗೆ ಡಿಸ್ಕ್ ಸವೆತ.

ಖುಷಿಯ ವಿಷಯ ಅಂದರೆ ಕಳೆದ ನಾಲ್ಕು ದಿನದಿಂದ ನೋವು ಅರ್ಧಕ್ಕರ್ಧ ಇಳಿದಿದೆ. ನಿದ್ದೆ ಬರುತ್ತಿದೆ. ಪಾದದ ಮೇಲೆ ಸ್ವಲ್ಪ ಜೋಮು ಇದೆ, ಮನೆಯಲ್ಲಿ ಓಡಾಡುವಾಗ ಎಡಗಾಲಿನ ಚಪ್ಪಲಿ ಆಗಾಗ ಕಳಚಿ ಹಿಂದೆ ಉಳಿದುಬಿಡುತ್ತದೆ, ಅಷ್ಟೇ. ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್ ಇರುವುದು ಇನ್ನು ಹತ್ತು ದಿನಕ್ಕೆ. ಹೋದರೆ ಆಪರೇಷನ್ ಅಂತಾರೆ ಅನ್ನುವ ಭಯ. ಕ್ಯಾನ್ಸಲ್ ಮಾಡಲಾ?

ಹಳೇರೋಗಿ · 9:10

ಮೊದಲು ಆ ರಿಪೋರ್ಟ್ ಮಡಚಿ ಒಳಗಿಡಿ. ಅದನ್ನು ದಿನಾ ಓದುತ್ತಾ ಕೂತರೆ ಬೆನ್ನಿಗಿಂತ ತಲೆ ಜಾಸ್ತಿ ಕೆಡುತ್ತದೆ. ಆರು ವರ್ಷದ ಹಿಂದೆ ನನ್ನ ರಿಪೋರ್ಟಿನಲ್ಲಿ ನಾಲ್ಕು ಡಿಸ್ಕ್ ಹೆಸರಿತ್ತು. ನಾಲ್ಕೂ ಹೋಯಿತು ಅಂದುಕೊಂಡು ಕೂತಲ್ಲೇ ಬೆವರಿದ್ದೆ. ತೊಂದರೆ ಕೊಡುತ್ತಿದ್ದದ್ದು ಒಂದೇ. ಉಳಿದದ್ದು ತಲೆಕೂದಲು ನೆರೆತ ಹಾಗೆ, ವಯಸ್ಸಿನ ಗುರುತು.

ನಾನು ಮೂರು ತಿಂಗಳು ಕಾದೆ, ಆಮೇಲೆ ಆಪರೇಷನ್ ಮಾಡಿಸಿಕೊಂಡೆ. ಪಶ್ಚಾತ್ತಾಪ ಇಲ್ಲ. ಆದರೆ ನೋವು ಇಳಿಯುತ್ತಿದೆ ಅಂದರೆ ನಿಮ್ಮದು ತಾನಾಗಿ ವಾಸಿಯಾಗುವ ಗುಂಪು ಅನ್ನಿಸುತ್ತದೆ.

ಖಡಕ್‌ಮಾತು · 9:25

ಕ್ಯಾನ್ಸಲ್ ಮಾಡಿ. ನನಗೂ ಎಕ್ಸ್‌ಟ್ರೂಷನ್ ಇತ್ತು, ನಿಮ್ಮದಕ್ಕಿಂತ ದೊಡ್ಡದು. ಕತ್ತರಿ ಹಿಡಿದವರಿಗೆ ಎಲ್ಲವೂ ಬಟ್ಟೆಯಾಗಿಯೇ ಕಾಣುತ್ತದೆ. ನಾನು ಹೋಗಲಿಲ್ಲ. ನಡೆದೆ, ಕಾದೆ, ಬೈದೆ, ಮತ್ತೆ ನಡೆದೆ. ಎಂಟು ತಿಂಗಳ ನಂತರ ಇನ್ನೊಂದು ಸ್ಕ್ಯಾನ್ ತೆಗೆಸಿದರೆ ಆ ತುಂಡು ಹೆಚ್ಚುಕಮ್ಮಿ ಮಾಯ. ದೇಹವೇ ತಿಂದುಹಾಕಿತ್ತು.

ಇದು ಬರೀ ನನ್ನ ಕಥೆಯಲ್ಲ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ದೊಡ್ಡ ಅಧ್ಯಯನ ಬಂತು. ಆರರಿಂದ ಹನ್ನೆರಡು ವಾರ ಸಯಾಟಿಕಾ, ಅಂದರೆ ನರ ಹಿಡಿದು ಕಾಲಿಗೆ ಇಳಿಯುವ ಇದೇ ನೋವು, ಅನುಭವಿಸಿದ್ದ 283 ಜನ. ಅರ್ಧ ಜನಕ್ಕೆ ಬೇಗ ಆಪರೇಷನ್, ಇನ್ನರ್ಧಕ್ಕೆ ಕಾಯುವ ದಾರಿ. ಒಂದು ವರ್ಷದ ಹೊತ್ತಿಗೆ ಎರಡೂ ಕಡೆ ಶೇ. 95 ಜನ ಚೇತರಿಸಿಕೊಂಡಿದ್ದರು. ಮತ್ತೆ ಯಾಕೆ ಕುಯ್ಯಿಸಿಕೊಳ್ಳಬೇಕು ಹೇಳಿ?

ಬಾಗದಬೆನ್ನು · 9:31

ಧೈರ್ಯ ಬಂತು. ಹಾಗಾದರೆ ಪೂರ್ತಿ ಮಲಗಿ ರೆಸ್ಟ್ ತೆಗೆದುಕೊಳ್ಳಲಾ? ಒಬ್ಬರು ಗಟ್ಟಿ ಹಲಗೆಯ ಮೇಲೆ ಮೂರು ವಾರ ಅಂದರು. ಇನ್ನೊಬ್ಬರು ಬೆನ್ನು ತುಳಿಸಿ ಡಿಸ್ಕ್ ಒಳಗೆ ಕೂರಿಸಿಬಿಡುತ್ತೇನೆ ಅನ್ನುತ್ತಿದ್ದಾರೆ.

ಫಿಸಿಯೋಅಕ್ಕ · 9:48

ತುಳಿಸಬೇಡಿ! ದಯವಿಟ್ಟು.

'ಜಾರಿದೆ' ಎನ್ನುವ ಪದವೇ ಅರ್ಧ ಅನಾಹುತ ಮಾಡಿದೆ. ಡಿಸ್ಕ್ ಮೇಜಿನ ಡ್ರಾಯರ್ ಅಲ್ಲ, ಹೊರಗೆ ಬಂದರೆ ತಳ್ಳಿ ಮುಚ್ಚಲು. ಮೇಲೆ ಕೆಳಗೆ ಎರಡೂ ಮೂಳೆಗೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರಗಡೆ ನಾರಿನ ಪದರಗಳ ಗಟ್ಟಿ ಉಂಗುರ, ಒಳಗೆ ಮೆತ್ತನೆ ತಿರುಳು. ಉಂಗುರ ಸೀಳಿದ ಕಡೆ ತಿರುಳು ಹೊರಗೆ ಬರುತ್ತದೆ. ಪಕ್ಕದಲ್ಲೇ ನರದ ಬೇರು ಹಾದುಹೋಗುತ್ತದೆ. ಒತ್ತಡ ಒಂದು ಕಡೆ, ತಿರುಳಿನಿಂದ ಆಗುವ ಉರಿಯೂತ ಇನ್ನೊಂದು ಕಡೆ. ಎರಡೂ ಸೇರಿದಾಗ ಆ ಕರೆಂಟ್ ನೋವು. ತುಳಿದರೆ ತಿರುಳು ವಾಪಸ್ ಹೋಗುವುದಿಲ್ಲ. ಸೀಳು ದೊಡ್ಡದಾಗಬಹುದು.

ಹಲಗೆ ಮೇಲೆ ಮಲಗುವುದೂ ಹಳೆ ಕಾಲದ ಮಾತು. 1999ರಲ್ಲಿ 183 ಸಯಾಟಿಕಾ ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಎರಡು ವಾರ ಹಾಸಿಗೆ, ಇನ್ನೊಂದು ಗುಂಪಿಗೆ ಆದಷ್ಟು ಓಡಾಟ. ಹನ್ನೆರಡು ವಾರಕ್ಕೆ ಎರಡರಲ್ಲೂ ಶೇ. 87 ಜನಕ್ಕೆ ಸುಧಾರಣೆ. ಮಲಗಿದವರಿಗೆ ಸಿಕ್ಕಿದ್ದು ಏನೂ ಇಲ್ಲ. ಒಂದೆರಡು ದಿನ ತಡೆಯಲಾಗದಿದ್ದರೆ ಮಲಗಿ, ತಪ್ಪಿಲ್ಲ. ಮೊಣಕಾಲ ಕೆಳಗೆ ದಿಂಬಿಟ್ಟುಕೊಂಡರೆ ಹಾಯೆನಿಸುತ್ತದೆ. ಆಮೇಲೆ ಎದ್ದು ಸ್ವಲ್ಪ ಸ್ವಲ್ಪ ನಡೆಯಿರಿ. ಒಂದೇ ಸಮನೆ ಕೂರಬೇಡಿ.

ನಿದ್ದೆಗೇಡಿ · 10:02

ಮಧ್ಯೆ ನನ್ನದೊಂದು ಪ್ರಶ್ನೆ. ನನಗೆ ಕಾಲಿಗೆ ಏನೂ ಇಲ್ಲ, ಬರೀ ಸೊಂಟ. ಎರಡು ವರ್ಷದಿಂದ. ಎಂಆರ್‌ಐನಲ್ಲಿ ಎರಡು ಬಲ್ಜ್. ಆಪರೇಷನ್ ಮಾಡಿಸಿ ಒಂದೇ ಸಲ ಮುಗಿಸಿಬಿಡಲಾ?

ಬೆನ್ನುಡಾಕ್ಟರ್ · 10:40

ಬೆನ್ನುಮೂಳೆ ಆಪರೇಷನ್ ಮಾಡುವುದೇ ನನ್ನ ಕೆಲಸ. ಕತ್ತರಿ ಹಿಡಿದವನು ಅಂತ ಬೈಸಿಕೊಂಡೇ ಬರೆಯುತ್ತಿದ್ದೇನೆ.

ನಿದ್ದೆಗೇಡಿ ಅವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಡಿಸ್ಕ್ ತುಂಡು ತೆಗೆಯುವ ಆಪರೇಷನ್ ಕಾಲಿನ ನೋವಿಗೆ. ಸೊಂಟದ ನೋವಿಗೆ ಅದನ್ನು ನಂಬಿಕೊಳ್ಳಬೇಡಿ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದರು. ಶೇ. 52 ಜನಕ್ಕೆ ಬಲ್ಜ್ ಇತ್ತು, ಶೇ. 27 ಜನಕ್ಕೆ ಪ್ರೊಟ್ರೂಷನ್, ಅಂದರೆ ಒಂದು ಕಡೆಗೆ ಇನ್ನೂ ಹೆಚ್ಚು ಚಾಚಿಕೊಂಡದ್ದು. ಅಂದರೆ ನಿಮ್ಮ ಎರಡು ಬಲ್ಜ್ ಬಹುಶಃ ಸುಮ್ನೆ ಅಲ್ಲಿ ಕೂತಿವೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು, ಮಲಗಿದರೂ ಬಿಡದ ರಾತ್ರಿ ನೋವು, ಇವುಗಳಲ್ಲಿ ಏನಾದರೂ ಇದ್ದರೆ ಮಾತ್ರ ಬೇರೆ ಲೆಕ್ಕ. ಆಗ ತಡಮಾಡದೆ ತೋರಿಸಿ.

ಈಗ ಬಾಗದಬೆನ್ನು ಅವರೇ, ನಿಮ್ಮ ವಿಷಯ. ಎಲ್ಲರೂ ನಿಮ್ಮ ರಿಪೋರ್ಟ್ ಬಗ್ಗೆ, ನೋವಿನ ಬಗ್ಗೆ ಮಾತಾಡಿದರು. ನನ್ನ ಕಣ್ಣು ನಿಂತಿದ್ದು ಚಪ್ಪಲಿ ಮೇಲೆ.

ಚಪ್ಪಲಿ ಯಾವಾಗಿನಿಂದ ಕಳಚುತ್ತಿದೆ? ಮೊದಲ ದಿನದಿಂದಲೋ, ಈ ನಾಲ್ಕು ದಿನದಿಂದಲೋ? ಕಳಚಿದ್ದು ನಿಮಗೆ ಗೊತ್ತಾಗುತ್ತದಾ, ಅಥವಾ ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತದಾ?

ಈಗಲೇ ಒಂದು ಕೆಲಸ ಮಾಡಿ. ಗೋಡೆ ಪಕ್ಕ ನಿಂತು, ಕೈ ಆನಿಸಿಕೊಂಡು, ಎರಡೂ ಪಾದದ ಮುಂಭಾಗ ಎತ್ತಿ ಬರೀ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಬರೀ ತುದಿಗಾಲಲ್ಲಿ ನಡೆಯಿರಿ. ನಂತರ ಕೂತು ಎರಡೂ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಮನೆಯವರು ಒಂದೊಂದು ಬೆರಳಿನಿಂದ ಅವುಗಳನ್ನು ಕೆಳಗೆ ಒತ್ತಲಿ. ಎಡ ಬಲ ಒಂದೇ ಥರ ತಡೆಯುತ್ತವಾ ನೋಡಿ ಬರೆಯಿರಿ.

ಖಡಕ್‌ಮಾತು · 10:52

ನೋವು ಕಡಿಮೆ ಆಗಿದೆ ಅಂತ ಅವರೇ ಹೇಳುತ್ತಿದ್ದಾರೆ. ಚಪ್ಪಲಿ ನೆಪ ಮಾಡಿಕೊಂಡು ಯಾಕೆ ಹೆದರಿಸುತ್ತೀರಿ?

ಬೆನ್ನುಡಾಕ್ಟರ್ · 11:08

ಅದೇ ನನಗೆ ಬೇಜಾರು ತರುವ ಭಾಗ. ಅಲಾರಾಂ ನಿಂತಿತು ಅಂದರೆ ಬೆಂಕಿ ಆರಿದೆ ಅಂತಲೂ ಇರಬಹುದು, ಅಲಾರಾಂ ತಂತಿಯೇ ಸುಟ್ಟುಹೋಯಿತು ಅಂತಲೂ ಇರಬಹುದು. ನೋವು ಇಳಿದು ಬಲ ಹಾಗೇ ಇದ್ದರೆ ಒಳ್ಳೆ ಸುದ್ದಿ. ನೋವು ಇಳಿಯುತ್ತಾ ಬಲವೂ ಇಳಿದರೆ ಅದು ವಾಸಿಯಾಗುವುದಲ್ಲ, ನರ ಸೋಲುತ್ತಿರುವುದು.

ನೀವು ಹೇಳಿದ 2007ರ ಅಧ್ಯಯನ ಒಳ್ಳೆಯದು, ನಾನೂ ರೋಗಿಗಳಿಗೆ ಹೇಳುತ್ತೇನೆ. ಅದರಲ್ಲಿ ಇನ್ನೆರಡು ವಿಷಯ ಇವೆ. ಕಾಯುವ ಗುಂಪಿನ ಶೇ. 39 ಜನ ವರ್ಷದೊಳಗೆ ತಾವೇ ಆಪರೇಷನ್‌ಗೆ ಬಂದರು. ಬೇಗ ಮಾಡಿಸಿಕೊಂಡವರು ಸರಾಸರಿ ನಾಲ್ಕು ವಾರಕ್ಕೆ ಚೇತರಿಸಿಕೊಂಡರೆ ಕಾದವರಿಗೆ ಹನ್ನೆರಡು ವಾರ ಬೇಕಾಯಿತು. ಕೊನೆಗೆ ಸೇರುವ ಊರು ಒಂದೇ, ಪ್ರಯಾಣ ಬೇರೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ, ನೋವೊಂದೇ ತೊಂದರೆಯಾದರೆ ಕಾಯುವುದು ತಪ್ಪಲ್ಲ. ಎರಡನೆಯದು, ಕಾಲಿನ ಬಲ ತೀರಾ ಕುಸಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಮೂತ್ರದ ತೊಂದರೆ ಇದ್ದವರನ್ನೂ ಇಲ್ಲ. ಅಂಥವರಿಗೆ ಆ ಶೇ. 95 ತೋರಿಸಿ ಕಾಯಿರಿ ಅನ್ನಲು ಬರುವುದಿಲ್ಲ.

ರಾತ್ರಿಪಾಳಿ · 11:15

ಮೂತ್ರದ ವಿಷಯ ಬಂತಲ್ಲ, ನಾನು ಬರೆಯಲೇಬೇಕು. ಇದನ್ನು ಜನ ಸಂಕೋಚಕ್ಕೆ ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ.

ನನಗೆ ಎರಡೂ ಕಾಲಿಗೆ ನೋವು ಬಂತು. ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಒರೆಸಿಕೊಳ್ಳುವಾಗ ಆ ಜಾಗ ನನ್ನದೇ ಅಲ್ಲ ಅನ್ನಿಸಿತು. ದಪ್ಪ ಬಟ್ಟೆ ಮೇಲಿಂದ ಮುಟ್ಟಿದ ಹಾಗೆ. ಮೂತ್ರಕ್ಕೆ ಹೋಗಿ ಹತ್ತು ನಿಮಿಷ ನಿಂತರೂ ಶುರುವಾಗಲಿಲ್ಲ. ಹೊಟ್ಟೆ ತುಂಬಿದೆ, ಆದರೆ ಅವಸರವೂ ಇಲ್ಲ. ನೋವಿನ ಮಾತ್ರೆಯಿಂದ ಹೀಗೆ ಆಗಿರಬೇಕು ಅಂದುಕೊಂಡು ಒಂದು ದಿನ ಕಳೆದೆ. ಮರುದಿನ ಆಸ್ಪತ್ರೆಗೆ ಹೋದಾಗ ಮೊದಲು ನೋಡಿದವರೂ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬಟ್ಟೆ ಒದ್ದೆಯಾದ ಮೇಲೆ ಇನ್ನೊಂದು ಕಡೆ ಓಡಿದೆವು. ಅಲ್ಲಿ ಅದೇ ರಾತ್ರಿ ಆಪರೇಷನ್ ಮಾಡಿದರು.

ಮೂರು ವರ್ಷವಾಯಿತು. ಚೆನ್ನಾಗಿ ನಡೆಯುತ್ತೇನೆ. ಮೂತ್ರ ಮಾತ್ರ ಇವತ್ತಿಗೂ ಗಡಿಯಾರ ನೋಡಿಕೊಂಡು ಹೋಗಬೇಕು, ಅವಸರ ಅಂತ ಗೊತ್ತೇ ಆಗುವುದಿಲ್ಲ.

ಬೆನ್ನುಡಾಕ್ಟರ್ · 11:24

ಬರೆದದ್ದು ಒಳ್ಳೆಯದಾಯಿತು. ಅದಕ್ಕೆ ಕಾಡಾ ಈಕ್ವಿನಾ ಸಿಂಡ್ರೋಮ್ ಅನ್ನುತ್ತೇವೆ. ಕುದುರೆ ಬಾಲದ ಹಾಗೆ ಕೆಳಗೆ ಇಳಿಯುವ ನರಗಳ ಗೊಂಚಲೇ ಒತ್ತಿಹೋಗುವುದು. ಅಪರೂಪ. ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶ ಹೋಗುವುದು, ಮೂತ್ರ ಕಟ್ಟುವುದು ಅಥವಾ ತಾನಾಗಿ ಸೋರುವುದು, ಮಲದ ಹಿಡಿತ ತಪ್ಪುವುದು, ಎರಡೂ ಕಾಲಿಗೆ ಒಟ್ಟಿಗೆ ನೋವು ಅಥವಾ ಸೋಲು, ಲೈಂಗಿಕ ಸ್ಪರ್ಶ ಮಂಕಾಗುವುದು. ಇದರಲ್ಲಿ ಏನೇ ಕಂಡರೂ ಅಪಾಯಿಂಟ್‌ಮೆಂಟ್, ಫೋನ್, ಇಂಥ ಚರ್ಚೆ ಯಾವುದೂ ಬೇಡ. ನೇರ ಎಮರ್ಜೆನ್ಸಿಗೆ, ರಾತ್ರಿ ಎರಡು ಗಂಟೆಯಾದರೂ ಸರಿ. ಲೆಕ್ಕ ಗಂಟೆಗಳಲ್ಲಿ ಇರುತ್ತದೆ. ಮೂತ್ರ ಪೂರ್ತಿ ಕಟ್ಟುವ ಮೊದಲೇ ಸಿಕ್ಕಿದವರು ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಬಾಗದಬೆನ್ನು · 11:37

ಮೂತ್ರ, ಆ ಜಾಗ ಎಲ್ಲ ಸರಿಯಿದೆ. ಈಗಷ್ಟೇ ಹೋಗಿ ನೋಡಿಕೊಂಡೆ.

ನೀವು ಹೇಳಿದ ಹಾಗೆ ನಡೆದೆ. ತುದಿಗಾಲಲ್ಲಿ ಎರಡೂ ಕಡೆ ಬಂತು. ಹಿಮ್ಮಡಿ ಮೇಲೆ ಬಲಗಾಲು ಸರಿ. ಎಡ ಪಾದದ ಮುಂಭಾಗ ಒಂದು ಹೆಜ್ಜೆಗೆ ಮೇಲೆ ನಿಲ್ಲುತ್ತದೆ, ಎರಡನೇ ಹೆಜ್ಜೆಗೆ ಪಟ್ ಅಂತ ನೆಲಕ್ಕೆ ಬೀಳುತ್ತದೆ. ಹೆಬ್ಬೆರಳು ಎತ್ತಿದೆ. ನನ್ನ ಹೆಂಡತಿ ಬಲಗಡೆಯದನ್ನು ಎಷ್ಟು ಒತ್ತಿದರೂ ಬಗ್ಗಲಿಲ್ಲ. ಎಡಗಡೆಯದು ಮುಟ್ಟುತ್ತಿದ್ದ ಹಾಗೆ ಕೆಳಗೆ ಹೋಯಿತು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ನಾನು ಪೂರ್ತಿ ಬಲ ಹಾಕಿದ್ದೆ.

ಚಪ್ಪಲಿ ಮೊದಲ ವಾರ ಕಳಚುತ್ತಿರಲಿಲ್ಲ. ಐದಾರು ದಿನದಿಂದ. ಕಳಚಿದ್ದು ಗೊತ್ತಾಗುವುದಿಲ್ಲ, ತಣ್ಣನೆ ನೆಲ ತಾಗಿದಾಗ ಗೊತ್ತಾಗುತ್ತದೆ. ಅದೂ ಈಗ ಬರೆಯುವಾಗ ಹೊಳೆಯಿತು.

ಬೆನ್ನುಡಾಕ್ಟರ್ · 11:43

ನೋಡದೆ ನಾನು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಆದರೆ ಪಾದ, ಹೆಬ್ಬೆರಳು ಎತ್ತಲು ಮುಖ್ಯವಾಗಿ ಬೇಕಾದ್ದು ಎಲ್5 ನರ. ನಿಮ್ಮ ರಿಪೋರ್ಟಿನಲ್ಲಿ ಒತ್ತಿರುವುದೂ ಅದೇ. ಅದೂ ಈ ವಾರ ಹೊಸದಾಗಿ ಶುರುವಾಗಿದೆ. ಹತ್ತು ದಿನ ಕಾಯಬೇಡಿ. ನಾಳೆ ಬೆಳಿಗ್ಗೆ ಬೆನ್ನುಮೂಳೆ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ. ಕೌಂಟರಿನಲ್ಲಿ ಸೊಂಟ ನೋವು ಅಂತ ಹೇಳಬೇಡಿ, ಸಾಲಿನ ಕೊನೆಗೆ ಕೂರಿಸುತ್ತಾರೆ. ಪಾದ ಎತ್ತಲು ಆಗುತ್ತಿಲ್ಲ, ಐದಾರು ದಿನದಿಂದ ಹೆಚ್ಚುತ್ತಿದೆ ಅಂತ ಹೇಳಿ. ರಾತ್ರಿ ಮೂತ್ರದ್ದೇನಾದರೂ ಶುರುವಾದರೆ ಬೆಳಗಾಗುವುದನ್ನೂ ಕಾಯಬೇಡಿ.

ಖಡಕ್‌ಮಾತು · 11:50

ಸರಿ. ನಾನು ಹೇಳಿದ್ದು ವಾಪಸ್. ನನಗೆ ಬರೀ ನೋವಿತ್ತು, ಬಲ ಹೋಗಿರಲಿಲ್ಲ. ಈ ಎರಡು ಬೇರೆ ಅಂತ ಯೋಚಿಸಿಯೇ ಇರಲಿಲ್ಲ. ಹೋಗಿ ಬನ್ನಿ.

ಹಳೇರೋಗಿ · ಸೋಮವಾರ, ಬೆಳಿಗ್ಗೆ 7:20

ಹಾಗಾದರೆ ಸ್ವಲ್ಪ ಬಲ ಕಡಿಮೆ ಆದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕಾ ಡಾಕ್ಟ್ರೇ? ನನಗೂ ಆಗ ಸ್ವಲ್ಪ ಸೋಲು ಇತ್ತು, ಆದರೂ ಕಾಯಿಸಿದರು.

ಬೆನ್ನುಡಾಕ್ಟರ್ · 8:05

ಇಲ್ಲ. ಬಲಕ್ಕೆ ನಾವು 0ರಿಂದ 5ರವರೆಗೆ ಅಂಕ ಕೊಡುತ್ತೇವೆ. 5 ಪೂರ್ತಿ. 4 ಅಂದರೆ ಎದುರು ಒತ್ತಿದರೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. 3 ಅಂದರೆ ಪಾದ ತನ್ನ ಭಾರವನ್ನಷ್ಟೇ ಎತ್ತುತ್ತದೆ, ಯಾರೂ ಒತ್ತಬಾರದು. 4 ಇದ್ದು ಹಾಗೇ ನಿಂತಿದ್ದರೆ ಎಷ್ಟೋ ಜನರನ್ನು ವಾರಕ್ಕೊಮ್ಮೆ ನೋಡುತ್ತಾ ಕಾಯುತ್ತೇವೆ, ಹಲವರಿಗೆ ತಾನಾಗಿ ಬಲ ಬರುತ್ತದೆ. ನಿಮ್ಮದು ಹಾಗಿದ್ದಿರಬೇಕು. 3 ಅಥವಾ ಅದಕ್ಕಿಂತ ಕೆಳಗೆ ಹೋದರೆ, ಅಥವಾ ಹೋದ ವಾರ 5 ಇದ್ದದ್ದು ಈ ವಾರ 4, ಮುಂದೆ 3 ಅಂತ ಜಾರುತ್ತಿದ್ದರೆ ಕಾಯಲು ಕೈ ಬರುವುದಿಲ್ಲ. ಎಷ್ಟು ದಿನದೊಳಗೆ ಮಾಡಿದರೆ ಎಷ್ಟು ಬಲ ವಾಪಸ್ ಬರುತ್ತದೆ ಅನ್ನುವುದರ ಬಗ್ಗೆ ನಮ್ಮಲ್ಲೇ ಜಗಳ ಇದೆ, ಅದು ಬೇರೆ ಮಾತು.

ನೋವೊಂದೇ ಇರುವವರಿಗೆ ನನ್ನ ಲೆಕ್ಕ ಹೀಗಿದೆ. ಮೊದಲ ಆರು ವಾರ ನೋವಿನ ಮಾತ್ರೆ, ನಡಿಗೆ, ಧೈರ್ಯ. ಈ ಹಂತದಲ್ಲಿ ಎಂಆರ್‌ಐ ಕೂಡ ಸಾಮಾನ್ಯವಾಗಿ ಬೇಡ. ಆರು ವಾರ ದಾಟಿಯೂ ಕಾಲು ಬಿಡದಿದ್ದರೆ, ನಿದ್ದೆ ಕೆಲಸ ಎರಡೂ ಕೆಟ್ಟಿದ್ದರೆ ಆಗ ಕೂತು ಮಾತಾಡೋಣ. ಬೆನ್ನಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಉಸಿರು ಬಿಡಲು ಸಮಯ ಕೊಡುತ್ತದೆ. ನರದ ಮಾತ್ರೆ ಅಂತ ಪ್ರಿಗ್ಯಾಬಲಿನ್ ಬೇಕಾದಷ್ಟು ಬರೆಯುತ್ತಾರೆ. 2017ರಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನೋಡಿದಾಗ ಅದು ಹುಸಿ ಮಾತ್ರೆಗಿಂತ ಜಾಸ್ತಿ ಏನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಇಳಿಸಿ. ಹಾಗಂತ ವರ್ಷಗಟ್ಟಲೆ ಹಲ್ಲು ಕಚ್ಚಿ ಕಾಯುವುದೂ ಜಾಣತನವಲ್ಲ. ನಾಲ್ಕು ತಿಂಗಳು ದಾಟಿದ ಕಾಲುನೋವಿನವರನ್ನು ಸೇರಿಸಿ ಮಾಡಿದ, 2020ರಲ್ಲಿ ಬಂದ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡವರೇ ಆರು ತಿಂಗಳಿಗೆ ಚೆನ್ನಾಗಿದ್ದರು.

ಬಾಗದಬೆನ್ನು · ಸೋಮವಾರ, ಮಧ್ಯಾಹ್ನ 2:15

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಹೇಳಿಕೊಟ್ಟ ಹಾಗೆಯೇ ಹೇಳಿದೆ, ಅರ್ಧ ಗಂಟೆಯಲ್ಲಿ ಒಳಗೆ ಕರೆದರು. ಪಾದಕ್ಕೆ 3, ಹೆಬ್ಬೆರಳಿಗೆ 2. ಐದು ವಾರದ ಹಿಂದಿನ ಚೀಟಿಯಲ್ಲಿ ಎರಡಕ್ಕೂ 5 ಅಂತ ಬರೆದಿತ್ತು, ಆ ಚೀಟಿ ಒಯ್ದದ್ದು ಉಪಯೋಗಕ್ಕೆ ಬಂತು. ನಾಳೆ ಬೆಳಿಗ್ಗೆ ಆಪರೇಷನ್. ಮೈಕ್ರೊಡಿಸ್ಕೆಕ್ಟಮಿ ಅಂತೆ. ಪೂರ್ತಿ ಡಿಸ್ಕ್ ತೆಗೆಯುತ್ತಾರೆ ಅಂತ ಅಂದುಕೊಂಡಿದ್ದೆ. ನರದ ಮೇಲೆ ಕೂತ ತುಂಡನ್ನು, ಸಡಿಲವಾಗಿರುವ ಚೂರನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಡುತ್ತಾರಂತೆ. ಕೈ ನಡುಗುತ್ತಿದೆ, ತಪ್ಪಿದ್ದರೆ ಕ್ಷಮಿಸಿ.

ಫಿಸಿಯೋಅಕ್ಕ · 2:30

ಎಚ್ಚರವಾದ ಮೇಲೆ ಮೊದಲು ಕಾಲಿನ ನೋವು ಗಮನಿಸಿ, ಎಷ್ಟೋ ಜನಕ್ಕೆ ಅದು ಅಲ್ಲೇ ಹೋಗಿರುತ್ತದೆ. ಬಲ ಮತ್ತು ಜೋಮು ಅಷ್ಟು ಬೇಗ ಬರುವುದಿಲ್ಲ, ಅದಕ್ಕೆ ತಿಂಗಳುಗಳು. ಮರುದಿನ ಎಡವಿದರೆ ಆಪರೇಷನ್ ಫೇಲ್ ಅಂತ ಅಳಬೇಡಿ.

ಬಾಗದಬೆನ್ನು · ಎಂಟು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡಿ.

ಕಾಲಿನ ಕರೆಂಟ್ ಎಚ್ಚರವಾದಾಗಲೇ ಇರಲಿಲ್ಲ. ಅದೇ ಸಂಜೆ ಎದ್ದು ನಡೆಸಿದರು. ಮೊದಲ ಎರಡು ವಾರ ಸೊಂಟದ ಗಾಯದ ನೋವು, ಆಮೇಲೆ ಅದೂ ಇಲ್ಲ. ಪಾದ ಈಗ 4 ಆಗಿದೆ. ಹೆಬ್ಬೆರಳು ಸೋಮಾರಿ, 3ರಲ್ಲೇ ಕೂತಿದೆ. ಪಾದದ ಮೇಲೆ ಅಂಗೈಯಗಲ ಜೋಮು ಹಾಗೇ ಇದೆ. ಸಾಕ್ಸ್ ಹಾಕದಿದ್ದರೂ ಹಾಕಿದ ಹಾಗೆ. ಹೆಬ್ಬೆರಳು ಪೂರ್ತಿ ಬರುತ್ತದಾ ಅಂತ ಕೇಳಿದರೆ, ವರ್ಷದವರೆಗೆ ನೋಡೋಣ ಅಂದರು, ಖಾತ್ರಿ ಕೊಡಲಿಲ್ಲ. ಆ ಐದಾರು ದಿನ ಮೊದಲೇ ಹೋಗಿದ್ದರೆ ಅಂತ ರಾತ್ರಿ ಒಮ್ಮೊಮ್ಮೆ ತಲೆಗೆ ಬರುತ್ತದೆ.

ಹಳೇರೋಗಿ · ಅದೇ ದಿನ

ನನ್ನ ಜೋಮು ಹೋಗಲು ಒಂದೂವರೆ ವರ್ಷ ಹಿಡಿಯಿತು. ಕಿರುಬೆರಳ ಹತ್ತಿರ ಇನ್ನೂ ಒಂದು ಚೂರು ಇದೆ. ಅದೇ ಜಾಗದಲ್ಲಿ ಮತ್ತೆ ಬರಬಹುದು ಅಂತ ಹೇಳಿದರಾ?

ಬಾಗದಬೆನ್ನು · ಅದೇ ದಿನ

ಹೇಳಿದರು. ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ಬರುತ್ತದಂತೆ. ಬಕೆಟ್ ಈಗ ಅರ್ಧ ತುಂಬಿಸಿ ಎರಡು ಸಲ ಎತ್ತುತ್ತೇನೆ. ಭಾನುವಾರ ರಾತ್ರಿ ಹೆಂಡತಿ ಹೆಬ್ಬೆರಳು ಒತ್ತಿ ನೋಡುತ್ತಾಳೆ, ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಚಪ್ಪಲಿ ಮೊನ್ನೆಯಿಂದ ಕಳಚಿಲ್ಲ. ಆದರೂ ಹಿಂದೆ ಪಟ್ಟಿ ಇರುವುದನ್ನೇ ಹಾಕುತ್ತಿದ್ದೇನೆ.